ಸಪ್ಪಳವಿಲ್ಲದ ಜನ

ಮೊದಲ ಸಲ ಅವರು ಕಂಡದ್ದು ಉರಿಬಿಸಿಲಿನ ಮಧ್ಯಾಹ್ನ. ಅಮೆರಿಕದ ಡಾಲಸ್ ಪಕ್ಕದ ಊರು ಫ್ಲವರ್ ಮೌಂಡಿನ ಮನೆಯಿಂದ ಮಗ ದುಷ್ಯಂತ್, ಸೊಸೆ ಶ್ರೀವಿದ್ಯಾ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ದಾಕ್ಷಾಯಣಿ ಮೆಂತ್ಯದ ಸೊಪ್ಪು ಬಿಡಿಸುತ್ತ ತಲೆಯೆತ್ತಿದರೆ, ಅಡುಗೆಮನೆಯ ಗೋಡೆಗುಂಟ ಏಳೆಂಟು ಹೆಂಗಸರು ನಿಂತಿದ್ದಾರೆ. ಜರಿಯಂಚಿನ ಹಸಿರು ಸೀರೆ, ನೆರಿಗೆಯ ಒಂದೊಂದು ಮಡಿಕೆಯೂ ಸ್ಪಷ್ಟ. ಮುಖದ ಜಾಗದಲ್ಲಿ ಮಾತ್ರ ಏನೂ ಇಲ್ಲ.

“ಯಾರ್ರಿ ನೀವು?”

ಧೈರ್ಯ ಮಾಡಿ ಕೈ ಚಾಚಿದರೆ ತಣ್ಣನೆಯ ಗೋಡೆ ತಾಕಿತು.

ಅಂದಿನಿಂದ ಅವರು ಬರುತ್ತಲೇ ಇದ್ದರು. ಒಮ್ಮೊಮ್ಮೆ ಸೋಫಾದ ಮೇಲೆ ಮಂಡಿಯೆತ್ತರದ ಗಂಡಸರು ಸಾಲಾಗಿ ಕೂತಿರುತ್ತಿದ್ದರು. ಧಾರವಾಡದಲ್ಲಿ ನಿವೃತ್ತಿಯ ತನಕ ಗಣಿತ ಕಲಿಸಿದ ದಾಕ್ಷಾಯಣಿ ದೆವ್ವವನ್ನು ನಂಬಿದವರಲ್ಲ. ಅದಕ್ಕೇ ಭಯ ಹೆಚ್ಚಾಯಿತು. ದೆವ್ವವಲ್ಲದಿದ್ದರೆ ಕೆಟ್ಟಿರುವುದು ತನ್ನ ತಲೆಯೇ. ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಈಚೆಗೆ ಪೇಪರಿನ ಅಕ್ಷರಗಳೂ ಡೊಂಕಾಗಿ ಕಾಣುತ್ತಿದ್ದವು. ವಯಸ್ಸು ಎಂದುಕೊಂಡು ಓದುವುದನ್ನೇ ಬಿಟ್ಟರು.

ಒಂದು ಶನಿವಾರ ಬೆಳಿಗ್ಗೆ ಕಾಫಿ ತರುತ್ತಿದ್ದವರು ನಡುಮನೆಯ ಖಾಲಿ ನೆಲದಲ್ಲಿ ಯಾರನ್ನೋ ತುಳಿಯಬಾರದೆಂಬಂತೆ ಸುತ್ತುಬಳಸಿ ನಡೆದರು. ಶ್ರೀವಿದ್ಯಾ ನೋಡಿಬಿಟ್ಟಳು. ಅವಳು ಡಾಲಸ್‌ನ ಒಂದು ಕಣ್ಣಿನ ಸಂಶೋಧನಾ ಕೇಂದ್ರದಲ್ಲಿ ರೋಗಿಗಳನ್ನು ಮಾತಾಡಿಸಿ ವಿವರ ಕಲೆಹಾಕುವವಳು; ಇಲ್ಲದ ಜನರನ್ನು ಕಂಡವರ ಮಾತನ್ನೂ ಕೇಳಿದ್ದಳು.

“ಅತ್ತೆ, ಅಲ್ಲಿ ಯಾರು ಕೂತಿದ್ದಾರೆ?”

ದಾಕ್ಷಾಯಣಿ ಕಾಫಿಯನ್ನು ಅವಳ ಮುಂದಿಟ್ಟರು. “ಯಾರೂ ಇಲ್ಲ ಬಿಡವಾ.”

“ಅವರು ಮಾತಾಡ್ತಾರಾ?”

ದಾಕ್ಷಾಯಣಿ ಅವಳ ಪಕ್ಕ ಬಂದು ಕೂತರು. “ಇಲ್ಲ. ಒಂದ್ ಸಪ್ಪಳಾನೂ ಇಲ್ಲ. ನನಗ ಹುಚ್ಚ ಹಿಡದೈತೇನ, ವಿದ್ಯಾ?”

“ಇಲ್ಲ ಅತ್ತೆ. ನನಗೆ ಇದು ಕಣ್ಣಿಂದು ಅನ್ಸುತ್ತೆ. ಟೆಸ್ಟ್ ಮಾಡಿಸೋಣ ಬನ್ನಿ.”

ದೃಷ್ಟಿಪಟಲದ ನಡುಭಾಗ ಹಾಳಾಗಿತ್ತು. ಕಣ್ಣು ಖಾಲಿ ಬಿಟ್ಟ ಜಾಗವನ್ನು ಮಿದುಳು ತನಗೆ ತೋಚಿದ ಚಿತ್ರಗಳಿಂದ ತುಂಬಿಕೊಳ್ಳುತ್ತಿದೆ, ಬುದ್ಧಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಹುಚ್ಚು ಅಂದಾರೆಂದು ಜನ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಕಣ್ಣು ಕೈಮೀರಿ ಹೋಗಿರುತ್ತದೆ ಎಂದೂ ಹೇಳಿದರು.

ದಾಕ್ಷಾಯಣಿಗೆ ಸೋದರತ್ತೆ ನೆನಪಾದಳು. ಮುಪ್ಪಿನಲ್ಲಿ ಕಟ್ಟೆಯ ಮೇಲೆ ಯಾರದೋ ಮಕ್ಕಳು ಕೂತಿವೆ ಎಂದದ್ದಕ್ಕೆ ಮನೆಯವರು ಅವಳನ್ನು ಕೋಣೆಯಲ್ಲಿ ಕೂಡಿಹಾಕಿದ್ದರು, ಸಾಯುವ ತನಕ. ಅವಳ ಕಣ್ಣೂ ಮಂಜಾಗಿತ್ತು. ಆಸ್ಪತ್ರೆಯ ಕಾರಿಡಾರಿನಲ್ಲೇ ದಾಕ್ಷಾಯಣಿ ಬಿಕ್ಕಿ ಬಿಕ್ಕಿ ಅತ್ತರು.

ಕಣ್ಣಿಗೆ ಇಂಜೆಕ್ಷನ್ ಶುರುವಾಯಿತು. ದೃಷ್ಟಿ ಇನ್ನಷ್ಟು ಕೆಡುವುದು ನಿಂತಿತು. ಡಾಕ್ಟರು ಹೇಳಿಕೊಟ್ಟಂತೆ ಕಣ್ಣುಗುಡ್ಡೆಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿದರೆ ಹೆಂಗಸರು ಒಬ್ಬೊಬ್ಬರಾಗಿ ಕರಗುತ್ತಿದ್ದರು.

ಚಳಿಗಾಲದಲ್ಲಿ ಕೇಂದ್ರದವರು ರೋಗಿಗಳ ಸಭೆ ಕರೆದರು. ದಾಕ್ಷಾಯಣಿ ಎದುರಿಗೆ ನಿಂತು ಕಂಡದ್ದನ್ನೆಲ್ಲ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಕೊನೆಯ ಸಾಲಿನಿಂದ ಒಬ್ಬ ಮುದುಕ ಹ್ಯಾಟನ್ನು ಎದೆಗೊತ್ತಿಕೊಂಡು ಎದ್ದ.

“ನನಗೆ ಕುದುರೆಗಳು,” ಎಂದ. “ಹೆಂಡತಿಗೂ ಹೇಳಿಲ್ಲ.”

“ಹೆದರಿಸುತ್ತವೆಯೇ?” ಎಂದರು ದಾಕ್ಷಾಯಣಿ.

“ಇಲ್ಲ. ಸುಮ್ಮನೆ ನಿಲ್ಲುತ್ತವೆ. ಈಗಲೂ ಒಂದಿದೆ. ನಿಮ್ಮ ಹಿಂದೆ.”

ಎಲ್ಲ ಗೊತ್ತಿದ್ದೂ ದಾಕ್ಷಾಯಣಿ ತಿರುಗಿ ನೋಡಿದರು.