ಅತ್ತೆ "ಚೆನ್ನಾಗಿದೆ" ಅಂದರು

ಒಂಬತ್ತು ವರ್ಷದ ಅಳಿಯತನದಲ್ಲಿ ದರ್ಜಿ ತನ್ನ ಅತ್ತೆಯ ಬಾಯಿಂದ ಒಂದೇ ಒಂದು ಹೊಗಳಿಕೆ ಕೇಳಿದವನಲ್ಲ. ಚಹಾ ಮಾಡಿಕೊಟ್ಟರೆ "ಕಲಗಚ್ಚು" ಅನ್ನುತ್ತಿದ್ದರು. ಅನ್ನ ಮಾಡಿದರೆ "ಗೋಡೆಗೆ ಕಾಗದ ಅಂಟಿಸೋಕೆ ಆಗುತ್ತೆ, ಇಡಿ" ಅನ್ನುತ್ತಿದ್ದರು. ಹಾಗೆ ಅನ್ನುವ ಹಕ್ಕೂ ಅವರಿಗಿತ್ತು ಬಿಡಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರು ಜನರ ಅಡುಗೆ ಅವರ ಕೈಯಲ್ಲಿತ್ತು. ಸೌಟಿನಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, "ಇನ್ನು ಅರ್ಧ ಚಮಚ ಉಪ್ಪು" ಎಂದರೆ ಮುಗಿಯಿತು, ಮ್ಯಾನೇಜರೂ ತುಟಿ ಬಿಚ್ಚುತ್ತಿರಲಿಲ್ಲ.

ಅಂಥ ಅತ್ತೆ ಹತ್ತು ದಿನ ಜ್ವರ ಬಂದು ಮಲಗಿ ಎದ್ದಾಗ ಅರ್ಧ ಇಳಿದುಹೋಗಿದ್ದರು. "ಕಿತ್ತಳೆ, ನಿಂಬೆ ಚೆನ್ನಾಗಿ ಕೊಡಿ, ವಿಟಮಿನ್ ಬೇಕು" ಎಂದರು ಡಾಕ್ಟರು. ಹೆಂಡತಿ ಬಸ್ ಕಂಡಕ್ಟರು, ಬೆಳಗಿನ ಪಾಳಿ. ಹಾಗಾಗಿ ಜ್ಯೂಸಿನ ಹೊಣೆ ದರ್ಜಿಯ ಹೆಗಲೇರಿತು. ಎರಡು ಕಿತ್ತಳೆ, ಒಂದು ನಿಂಬೆ, ಒಂದು ಚೂರು ಶುಂಠಿ, ಜೇನುತುಪ್ಪ. ಆದರೆ ಬಟ್ಟೆಯ ಚೂರನ್ನೂ ಬಿಸಾಡದೆ ದಿಂಬಿಗೆ ತುಂಬುವ ಜಾತಿ ಅವನದು. ಹಣ್ಣಿನ ಸಿಪ್ಪೆ ಎಸೆಯಲು ಮನಸ್ಸು ಬಂದೀತೇ? ಸಿಪ್ಪೆ, ನಾರು, ಬೀಜ, ಎಲ್ಲವನ್ನೂ ಮಿಕ್ಸಿಗೆ ತುಂಬಿ ಗರ್‌ರ್ ಅನ್ನಿಸಿದ. ತಾನು ಮಾತ್ರ ಒಂದು ಹನಿಯನ್ನೂ ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ಹುಳಿ ಕಂಡರೆ ಸಾಕು, ಅವನಿಗೆ ಎದೆಯುರಿ.

ಅತ್ತೆ ಲೋಟ ಎತ್ತಿದವರು ತಳ ಕಾಣುವವರೆಗೆ ಇಳಿಸಲಿಲ್ಲ. "ಚೆನ್ನಾಗಿದೆ" ಎಂದರು.

ದರ್ಜಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತು ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುವುದಕ್ಕಿಂತ ಮೊದಲು ಜ್ಯೂಸಿನ ಕಥೆ ಹೇಳಿದ. ಮರುದಿನದಿಂದ ಮನೆಮಂದಿಗೆಲ್ಲ ಒಂದೊಂದು ಲೋಟ ಕಡ್ಡಾಯವಾಯಿತು. ಹೆಂಡತಿ "ಬಸ್ಸಲ್ಲಿ ಕುಡೀತೀನಿ ರೀ" ಎಂದು ಬಾಟಲಿಗೆ ತುಂಬಿಕೊಂಡು ಹೋಗುತ್ತಿದ್ದಳು. ಎಂಟು ವರ್ಷದ ಮಗಳು ಲೋಟ ಹಿಡಿದು ಬಾಲ್ಕನಿಗೆ ಹೋಗಿ ಖಾಲಿ ಲೋಟ ತರುತ್ತಿದ್ದಳು. ಹೇಗಿದೆ ಎಂದು ಕೇಳಿದರೆ ತಾಯಿ "ಸೂಪರ್" ಅನ್ನುವಳು, ಮಗಳು ತಲೆಯಾಡಿಸುವಳು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ.

ಎಂಟನೆಯ ದಿನ ಬಾಲ್ಕನಿಯ ಕುಂಡದಲ್ಲಿದ್ದ ಗುಲಾಬಿ ಗಿಡ ಸೊರಗಿ ನಿಂತಿತ್ತು. ಬುಡದಲ್ಲಿ ಕಿತ್ತಳೆಯ ನಾರು.

"ಅಪ್ಪಾ, ಬೈಬೇಡ," ಎಂದಳು ಮಗಳು. "ಅದು ತುಂಬಾ ಕಹಿ."

ದರ್ಜಿ ಅಡುಗೆಮನೆಗೆ ಹೋಗಿ, ಎದೆಯುರಿ ಹಾಳಾಗಲಿ ಎಂದು, ಒಂದು ಗುಟುಕು ಕುಡಿದ. ಕಣ್ಣಲ್ಲಿ ನೀರು ಬಂತು. ಮೊದಲು ನಾಚಿಕೆಯಾಯಿತು. ಆಮೇಲೆ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅನ್ನದಲ್ಲಿ ನಾಲ್ಕು ಹರಳು ಉಪ್ಪು ಹೆಚ್ಚಾದರೂ ಕಂಡುಹಿಡಿಯುವ ಅತ್ತೆ ಇದನ್ನು ಎಂಟು ದಿನ ಕುಡಿದರಲ್ಲ! ಲೋಟ ಕೆಳಗಿಟ್ಟು ಅತ್ತೆಯ ಬಳಿಗೆ ನಡೆದ.

ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು.

"ಅತ್ತೆ, ಇವತ್ತಿನ ಜ್ಯೂಸು ಹೇಗಿತ್ತು?"

"ಚೆನ್ನಾಗಿತ್ತು."

"ಅದು ವಿಷದ ಹಾಗಿತ್ತು. ನಾನೇ ಕುಡಿದು ನೋಡ್ದೆ."

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ನಾಲಿಗೆ ಸತ್ತುಹೋಗಿದೆ ಅಳಿಯಂದ್ರೇ," ಎಂದರು. "ಉಪ್ಪೂ ಇಲ್ಲ, ಹುಳಿಯೂ ಇಲ್ಲ, ವಾಸನೆಯೂ ಇಲ್ಲ. ಸೋಮವಾರ ಕೆಲಸಕ್ಕೆ ಹೋಗ್ಬೇಕು. ರುಚಿ ಗೊತ್ತಾಗದವಳು ಯಾವ ಮುಖ ಇಟ್ಕೊಂಡು ಸೌಟು ಹಿಡೀಲಿ? ಇನ್ನು ಬರೋಕಾಗಲ್ಲ ಅಂತ ಒಂದು ಚೀಟಿ ಬರೆದುಕೊಡಿ. ನಿಮ್ಮ ಅಕ್ಷರ ದುಂಡಗಿದೆ. ನನ್ನ ಮಗಳಿಗೆ ಮಾತ್ರ ಈಗಲೇ ಹೇಳ್ಬೇಡಿ."

ಎಂಟು ದಿನದಲ್ಲಿ ಎರಡನೆಯ ಹೊಗಳಿಕೆ, ಅದೂ ಇಂಥ ಕೆಲಸಕ್ಕೆ.

"ಬರೆದುಕೊಡ್ತೀನಿ," ಎಂದ. "ಆದ್ರೆ ಸೋಮವಾರದ ತನಕ ನಂಗೆ ಸರಿಯಾಗಿ ಜ್ಯೂಸು ಮಾಡೋದು ಕಲಿಸ್ಬೇಕು."

ನಡುವೆ ಐದು ದಿನವಿತ್ತು. ಅತ್ತೆ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. "ಸಿಪ್ಪೆ ಬೇಕೇ ಬೇಕು ಅಂದ್ರೆ ಮೇಲಿನ ಬಣ್ಣ ಮಾತ್ರ ತುರೀರಿ. ಒಳಗಿನ ಬಿಳೀದು ಕಹಿ. ಬೀಜ ಒಂದೂ ಒಳಗೆ ಹೋಗ್ಬಾರ್ದು. ನೀರು ಉಗುರುಬೆಚ್ಚಗಾದ್ಮೇಲೆ ಜೇನು." ದರ್ಜಿ ಹಳೆಯ ಕೋಟಿನ ಹೊಲಿಗೆ ಬಿಚ್ಚುವಷ್ಟು ಹುಷಾರಾಗಿ ತೊಳೆಯ ಮೇಲಿನ ಬಿಳಿ ನಾರು ಬಿಡಿಸಿದ. ದಿನಾ ಬೆಳಗ್ಗೆ ಮೊಮ್ಮಗಳು ತುರಿದ ಸಿಪ್ಪೆಯನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿಯುವಳು, ಅಜ್ಜಿ ವಾಸನೆ ಇಲ್ಲವೆಂದು ತಲೆ ಅಲ್ಲಾಡಿಸುವರು. ಮಗಳು ಈಗ ಎರಡನೆಯ ಲೋಟ ಕೇಳುತ್ತಿದ್ದಳು. ಗುಲಾಬಿಯೂ ಚಿಗುರು ಬಿಟ್ಟಿತು. ಅತ್ತೆ ಮಾತ್ರ ಲೋಟ ಖಾಲಿ ಮಾಡಿ "ಚೆನ್ನಾಗಿದೆ" ಅನ್ನುತ್ತಿದ್ದರು. ಒಂಬತ್ತು ವರ್ಷ ಕಾದಿದ್ದ ಆ ಮಾತು ಈಗ ಸೂಜಿಯ ಹಾಗೆ ಚುಚ್ಚುತ್ತಿತ್ತು.

ಸೋಮವಾರ ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಟಿ ಕೈಯಲ್ಲಿ ಹಿಡಿದು ಮೇಜಿನ ಮುಂದೆ ಕೂತರು. ದರ್ಜಿಯ ಕಣ್ಣೆಲ್ಲ ತಾನೇ ಬರೆದುಕೊಟ್ಟ ಆ ಚೀಟಿಯ ಮೇಲಿತ್ತು. ಏನು ಹಾಕಿದೆ, ಏನು ಬಿಟ್ಟೆ ಎಂಬುದರ ಮೇಲೆ ಅವನಿಗೆ ನಿಗಾ ಇರಲಿಲ್ಲ. ಮಿಕ್ಸಿ ತಿರುಗಿಸಿ, ಲೋಟಕ್ಕೆ ಬಗ್ಗಿಸಿ ಮುಂದಿಟ್ಟ.

ಅತ್ತೆ ಒಂದು ಗುಟುಕು ಕುಡಿದರು. ಮುಖ ಕಿವುಚಿಕೊಂಡಿತು. ಥೂ ಎಂದು ಮೇಜಿನ ಮೇಲೇ ಉಗುಳಿಬಿಟ್ಟರು.

"ಏನ್ರೀ ಇದು! ಬೀಜ ಹಾಗೇ ರುಬ್ಬಿದ್ದೀರಾ? ಐದು ದಿನ ಗಂಟಲು ಹರ್ಕೊಂಡು ಹೇಳಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ! ಶುಂಠಿ ನೋಡಿದ್ರೆ..."

ಮಾತು ಅಲ್ಲೇ ನಿಂತಿತು. ಅತ್ತೆ ಲೋಟವನ್ನು ಮತ್ತೆ ಎತ್ತಿಕೊಂಡರು. ಅಂಗೈಗೆ ಒಂದು ಹನಿ ಬಿಟ್ಟುಕೊಂಡು, ನಿಧಾನಕ್ಕೆ ನೆಕ್ಕಿದರು.

"ಕಹಿ," ಎಂದರು ಮೆಲ್ಲಗೆ. ಇನ್ನೊಂದು ಹನಿ. "ಹಿಂದೆ ಸ್ವಲ್ಪ ಹುಳಿ."

"ಇನ್ನೊಂದ್ಸಲ ಬೈಯಿರಿ ಅತ್ತೆ," ಎಂದ ದರ್ಜಿ. ಕಣ್ಣೀರು ಕೆನ್ನೆಗಿಳಿದಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

"ಅಜ್ಜಿಗೆ ಕಹಿ ಗೊತ್ತಾಯ್ತು!" ಎಂದು ಮಗಳು ಮನೆಯೆಲ್ಲ ಕುಣಿದಳು. ಅತ್ತೆ ನಗುತ್ತಿದ್ದರು, ಅಳುತ್ತಲೂ ಇದ್ದರು. ಮೇಜಿನ ಮೇಲೆ ಜ್ಯೂಸು ಹರಿಯುತ್ತಿತ್ತು. ಕೈಯಲ್ಲಿದ್ದ ಚೀಟಿಯನ್ನು ಮುದುಡಿ, ದುಂಡಗಿನ ಅಕ್ಷರಗಳ ಸಮೇತ ಅದರಿಂದಲೇ ಮೇಜು ಒರೆಸಿ, ಕಸದ ಬುಟ್ಟಿಗೆ ಎಸೆದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಅತ್ತೆ, ಇನ್ನೂ ಏನೇನು ತಪ್ಪಿದೆ ಅಂತ ಹೇಳಿ ಹೋಗಿ."

"ಈಗ ಶುರು ಮಾಡಿದ್ರೆ ಕ್ಯಾಂಟೀನಿಗೆ ಲೇಟಾಗುತ್ತೆ," ಎಂದರು ಅತ್ತೆ ಬಾಗಿಲಲ್ಲಿ ನಿಂತು. "ಸಂಜೆ ಬಂದು ಹೇಳ್ತೀನಿ."