ಪರಮೇಶ್ವರಕ್ಕನ ಸಾಣೆ

ಪರಮೇಶ್ವರಕ್ಕ ಯಾರ ಮನೆಗೆ ಹೋದರೂ, ಬಾಯಾರಿಕೆಗೆ ಕೊಟ್ಟ ಬೆಲ್ಲ-ನೀರನ್ನು ಮುಟ್ಟುವ ಮೊದಲೇ, ಅಡಿಗೆಮನೆಯ ಮೆಟ್ಟುಗತ್ತಿಯ ಬಾಯಿಗೆ ಹೆಬ್ಬೆರಳಿನ ಉಗುರು ತಾಗಿಸಿ ನೋಡಿ, 'ಮೊಂಡು' ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು. ಅವರ ನಿಘಂಟಿನಲ್ಲಿ ಕತ್ತಿಯೊಂದೇ ಮೊಂಡಲ್ಲ. ಚಹಾ ತೆಳ್ಳಗಿದ್ದರೆ ಅದೂ ಮೊಂಡು, ಹರಿಕಥೆಯವರ ಕಂಠ ಮೊಂಡು, ತಮ್ಮ ಗಂಡ ಯಾವ ವಕೀಲರ ಬಳಿ ಗುಮಾಸ್ತರಾಗಿದ್ದರೋ ಆ ವಕೀಲರ ವಾದವಂತೂ ಪರಮ ಮೊಂಡು. ಊರವರು ಬೆನ್ನ ಹಿಂದೆ ಇದೇ ಶಬ್ದವನ್ನು ಇನ್ನೊಂದು ಅರ್ಥದಲ್ಲಿ ಅವರಿಗೇ ಹಚ್ಚುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ.

೧೯೫೯ರಲ್ಲಿ ಭಟ್ಕಳದ ಬೆಳಕೆಯಿಂದ, ಹೊನ್ನಾವರದಲ್ಲಿ ಲಾಂಚು ಹತ್ತಿ ಹೊಳೆ ದಾಟಿ, ಮಾಸ್ತರಿಕೆಗೆಂದು ಕುಮಟೆಗೆ ಬಂದ ನಾನು ಅವರ ಮನೆಯ ಜಗಲಿಕೋಣೆಯಲ್ಲಿ ಬಾಡಿಗೆಗಿದ್ದೆ. ಪರಮೇಶ್ವರಕ್ಕನದು ಕುಳ್ಳಗಿನ ದುಂಡು ಶರೀರ. ಎದುರುಗಾಳಿಗೆ ಹೊರಟವರಂತೆ ಸದಾ ಮುಂದೆ ಬಾಗಿದ ನಡಿಗೆ. ಬಿಚ್ಚಿದರೆ ಮೊಣಕಾಲು ಮುಟ್ಟುವ ಕೇಶರಾಶಿ, ಅದನ್ನು ಸುತ್ತಿ ಕಟ್ಟಿದ ತುರುಬಿಗೆ ಎಂದೂ ತಪ್ಪದ ಅಬ್ಬಲಿಗೆ ದಂಡೆ. ಅದೇ ಮನೆಯ ಹಿಂಬದಿಯ ಕೋಣೆಯಲ್ಲಿ, ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡು, ಅವರ ಅತ್ತೆ ಗಂಗಕ್ಕ ಜಪ ಮಾಡುತ್ತ ಕುಳಿತಿರುತ್ತಿದ್ದರು. ಇನ್ನೂ ಹರೆಯದಲ್ಲೇ ಗಂಡನನ್ನು ಕಳೆದುಕೊಂಡ ಆಕೆಯ ತಲೆಯ ಮೇಲೆ ಆಗಿನಿಂದ ಕೂದಲು ಒಂದು ತಿಂಗಳಿಗಿಂತ ಹೆಚ್ಚು ಬಾಳಿರಲಿಲ್ಲ.

ತಲೆ ಬೋಳಿಸುವ ಆ ಕೆಲಸಕ್ಕೆ ಬರುತ್ತಿದ್ದವನು ಜಟ್ಟ. ಕತ್ತಿ ಮಾತ್ರ ಮನೆಯದೇ. ಗಂಗಕ್ಕನ ಗಂಡ ತಾರುಣ್ಯದಲ್ಲಿ ತನ್ನ ಗಡ್ಡಕ್ಕೆಂದು ಮುಂಬಯಿಯಿಂದ ತಂದಿದ್ದ, ಕಪ್ಪು ಹಿಡಿಯೊಳಗೆ ಮಡಚಿಕೊಳ್ಳುವ ಜರ್ಮನಿಯ ಕತ್ತಿ. ಅವರು ಹೋದ ಮೇಲೆ ಅದು ಹೆಂಡತಿಯ ತಲೆಗೆ ಬಂತು. ಮನೆಯೊಳಗೆ ತರಬಾರದ ವಸ್ತುವೆಂದು ಅದನ್ನು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿಡುತ್ತಿದ್ದರು. ಉಪ್ಪುಗಾಳಿಗೆ ಕತ್ತಿ ಕೆಟ್ಟಿತ್ತು, ಜಟ್ಟನ ಕಣ್ಣು ಮಸುಕಾಗಿತ್ತು, ತಿಂಗಳಿಗೊಮ್ಮೆ ಗಂಗಕ್ಕ ಹಿತ್ತಿಲಿನಿಂದ ರಕ್ತ ಒರೆಸಿಕೊಳ್ಳುತ್ತ ಬರುತ್ತಿದ್ದರು. ಸೊಸೆ ಎಷ್ಟು ಸಲ 'ಕೂದಲು ಬಿಟ್ಟುಬಿಡಿ' ಎಂದು ಕಾಲು ಹಿಡಿದರೂ ಒಂದೇ ಉತ್ತರ: "ಇಷ್ಟು ವರ್ಷ ನಡ್ಕಂಡು ಬಂದದ್ದು. ಯನ್ನ ಕರ್ಮ, ಯಾನು ತೀರ್ಸ್ತೆ."

ವಾದದಲ್ಲಿ ಸೋತ ಪರಮೇಶ್ವರಕ್ಕ ಕತ್ತಿಯತ್ತ ತಿರುಗಿದರು. ಏನು ಮಾಡಬೇಕೆಂದು ಕೇಳಿದಾಗ ಜಟ್ಟ ಹೇಳಿದ್ದು ಇಷ್ಟೇ: "ಎಂತಾ ಮಾಡೂದು ಅಮಾ, ಸಾಣೆಗೆ ಹಿಡೀಬೇಕು."

ಆ ಮನೆಯಲ್ಲಿ ಸಾಣೆ ಎಂದರೆ ಒಂದೇ ಸಾಣೆ, ದೇವರಿಗೆ ಗಂಧ ತೇಯುವ ಕಲ್ಲು! ಪರಮೇಶ್ವರಕ್ಕ ಅದನ್ನು ಎತ್ತಿಕೊಂಡು ಹೋಗಿ, ಬಾವಿಕಟ್ಟೆಯ ಮೇಲಿಟ್ಟು, ಹುಲ್ಲುಗತ್ತಿ ಮಸೆಯುವ ಹಾಗೆ ಕತ್ತಿಯ ಬೆನ್ನೆತ್ತಿ ಗಸಗಸ ಉಜ್ಜಿದರು. ಜರ್ಮನಿಯ ಕತ್ತಿ ಗರಗಸವಾಯಿತು, ಗಂಧದ ಕಲ್ಲು ಮೈಲಿಗೆಯಾಯಿತು. ಗಂಗಕ್ಕನ ಕೂಗು ಬೀದಿಗೆ ಕೇಳಿಸಿತು: "ದೇವರ ಕಲ್ಲಿನ ಮೇಲೆ ಯನ್ನ ತಲೆಬೋಳ್ಸ ಕತ್ತಿಯನೇ!" ಗಂಡ ವಿಘ್ನೇಶ್ವರಣ್ಣ, ಜಗಳವೆಂದರೆ ಕೋರ್ಟಿನಲ್ಲೇ ಸಾಕಾಗಿದ್ದ ಸಾಧು ಪ್ರಾಣಿ, ಇಡಗುಂಜಿಗೆ ಹೋಗಿ ಹೊಸ ಗಂಧದ ಕಲ್ಲು ತಂದರು. ಜಟ್ಟ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ ತನ್ನ ಪೆಟ್ಟಿಗೆಯಿಂದ ಒಂದು ನುಣುಪಾದ ಕರಿಗಲ್ಲನ್ನು ತಂದುಕೊಟ್ಟು ಹೇಳಿದ: "ಬೆನ್ನು ಎತ್ತೂಕಾಗ ಅಮಾ. ಬೆನ್ನೂ ಬಾಯೂ ಒಟ್ಟಿಗೇ ಕಲ್ಲಿಗೆ ಒರಗ್ಬೇಕು. ಒತ್ತೂಕೂ ಆಗ."

ಒತ್ತದೆ ಇರುವುದು ಪರಮೇಶ್ವರಕ್ಕನ ಜಾಯಮಾನಕ್ಕೇ ವಿರುದ್ಧವಾದ ವಿದ್ಯೆ. ಒಂದು ಮಳೆಗಾಲವಿಡೀ, ಮಧ್ಯಾಹ್ನದ ಊಟದ ಎಲೆ ತೆಗೆದ ಮೇಲೆ, ಕೊಟ್ಟಿಗೆಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಕಲ್ಲಿಗೆ ನೀರು ಚಿಮುಕಿಸಿ, ತುಟಿ ಬಿಗಿದು, ಕತ್ತಿಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಮಗುಚುತ್ತ ನಡೆಸುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಮೊದಮೊದಲು ಬೈಗುಳ ಕೇಳಿಸುತ್ತಿತ್ತು. ಬರಬರುತ್ತ ಕಲ್ಲಿನ ಸಣ್ಣ ಸದ್ದು ಮಾತ್ರ ಉಳಿಯಿತು. ಕಡೆಯ ಹದಕ್ಕೆ ಚರ್ಮದ ಪಟ್ಟಿ ಬೇಕೆಂದ ಜಟ್ಟ; ಚರ್ಮ ಆ ಮನೆಗೆ ಬರುವಂತಿರಲಿಲ್ಲ, ಆದ್ದರಿಂದ ನನ್ನ ಕ್ಯಾನ್ವಾಸಿನ ಸೊಂಟಪಟ್ಟಿ ಕಂಬದ ಮೊಳೆಗೆ ಏರಿತು. ನಾನು ಕೆಲಕಾಲ ಪಂಚೆಯುಟ್ಟೇ ಶಾಲೆಗೆ ಹೋದೆ, ಮತ್ತು ಸತ್ಯ ಹೇಳುವುದಾದರೆ ಅದರ ಬಗ್ಗೆ ನನಗೆ ಹೆಮ್ಮೆಯೇ ಇತ್ತು.

ಹದ ಬಂತೋ ಇಲ್ಲವೋ ನೋಡಲು ಕೂದಲೆಳೆಯೊಂದನ್ನು ಇಳಿಬಿಟ್ಟು ಹಿಡಿದು ಕತ್ತಿಯ ಬಾಯಿಗೆ ತಾಗಿಸಬೇಕಂತೆ. ಅವರು ತುರುಬಿನಿಂದ ತಮ್ಮದೇ ಒಂದು ಉದ್ದ ಕೂದಲನ್ನು ಕಿತ್ತು ಹಿಡಿದರು. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಗಂಗಕ್ಕ, ಮಡಿಯನ್ನೂ ಮರೆತು ಓಡಿಬಂದು ಸೊಸೆಯ ಕೈ ಹಿಡಿದು ತಡೆದರು.

"ತಾಗ್ಸಡ! ಮುತ್ತೈದೆ ಕೂದಲು ಈ ಕತ್ತಿಗೆ ತಾಗ್ಸಡ!"

ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಪರಮೇಶ್ವರಕ್ಕ ಕೂದಲನ್ನು ತಾಗಿಸಿಯೇ ಬಿಟ್ಟರು. ಅದು ಸದ್ದಿಲ್ಲದೆ ಎರಡಾಯಿತು.

ಮರುದಿನ ಜಟ್ಟ ಬಂದ. ಅಂದು ಹಿತ್ತಿಲಿನಿಂದ ನರಳುವ ದನಿಯೇ ಬರಲಿಲ್ಲ. ಕೆಲಸ ಮುಗಿಸಿ ಅವನು "ಬೆಣ್ಣೆ ಅಮಾ, ಬೆಣ್ಣೆ" ಎನ್ನುತ್ತ ಹೊರಟುಹೋದ ಮೇಲೂ ಗಂಗಕ್ಕ ಸ್ನಾನಕ್ಕೆ ಏಳದೆ, ಸುತ್ತಲೂ ಬಿದ್ದಿದ್ದ ಬೆಳ್ಳಗಿನ ಕೂದಲನ್ನು ನೋಡುತ್ತ ಕುಳಿತೇ ಇದ್ದರು. ಬಿಸಿನೀರು ತಂದ ಸೊಸೆ ನೋವಾಯಿತೇ ಎಂದು ಕೇಳಿದರು.

"ಇಲ್ಲೆ," ಎಂದರು ಗಂಗಕ್ಕ. ಬಿದ್ದಿದ್ದ ಒಂದೆಳೆಯನ್ನು ಎತ್ತಿಕೊಂಡು, "ನೋವಾಗ್ತಿದ್ದಾಗ ಬರೀ ನೋವಿನ ಬದಿಗೇ ಲಕ್ಷ್ಯ ಇತ್ತು. ಇವತ್ತು ಕೂದಲು ಬಿದ್ದದ್ದು ಗೊತ್ತಾತು" ಎಂದರು. ಮತ್ತೆ ಸೆರಗು ಎಳೆದುಕೊಳ್ಳುತ್ತ, "ಬಪ್ಪ ತಿಂಗಳು ಜಟ್ಟನ ಕರೆಯಡ" ಎಂದರು.

ಪರಮೇಶ್ವರಕ್ಕ ಚೊಂಬನ್ನು ಅಲ್ಲೇ ಇಟ್ಟು ಅತ್ತೆಯ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಅತ್ತುಬಿಟ್ಟರು. ಕರೆದಿದ್ದರೆ ನಾನೂ ಹೋಗಿ ಅಳುತ್ತಿದ್ದೆ. ಕೂದಲು ಬಿಟ್ಟ ವಿಧವೆಯ ಕೈಯ ನೈವೇದ್ಯ ಸಲ್ಲದೆಂದು ಬಂಧುಗಳು ಮುಖ ತಿರುಗಿಸಿದರು, ಗಂಗಕ್ಕ ಅದಕ್ಕೆ ಕೊರಗಿದ್ದೂ ಉಂಟು. ಆದರೂ ದೀಪಾವಳಿಯ ಹೊತ್ತಿಗೆ, ಬಿಸಿಲಿಗೆ ಬೆನ್ನೊಡ್ಡಿ ಕುಳಿತ ಅತ್ತೆಯ ಉಗುರುದ್ದದ ಬಿಳಿಗೂದಲಿಗೆ ಸೊಸೆ ಎಣ್ಣೆ ಹಚ್ಚುತ್ತಿದ್ದುದನ್ನು ನಾನು ಕಂಡಿದ್ದೇನೆ.

ರೂಢಿಗಳನ್ನು ಧಿಕ್ಕರಿಸಿ ಮಾತಾಡಿದವರ ಭಾಷಣಗಳನ್ನು ಆ ಕಾಲದಲ್ಲಿ ನಾನು ಬೇಕಾದಷ್ಟು ಕೇಳಿದ್ದೆ, ಚಪ್ಪಾಳೆಯನ್ನೂ ತಟ್ಟಿದ್ದೆ. ಪರಮೇಶ್ವರಕ್ಕನಂಥ ಮಂದಿಗೆ ಆ ಬಗೆಯ ಭಾಷಣ ಬರುವುದಿಲ್ಲ. ತಮ್ಮವರೊಬ್ಬರ ನೋವು ಇಷ್ಟಾದರೂ ಕಡಿಮೆಯಾಗಲೆಂದು ಮೈಬಗ್ಗಿಸಿ ಕೂರುವುದಷ್ಟೇ ಅವರಿಗೆ ಗೊತ್ತು. ಆ ನೋವು ಹೋದ ಜಾಗದಲ್ಲಿ, ಅಷ್ಟು ವರ್ಷ ಅದರಡಿಯಲ್ಲಿ ಉಸಿರು ಹಿಡಿದು ಕುಳಿತಿದ್ದ ಮನುಷ್ಯರು ಎದ್ದು ಕುಳಿತು, ತಮಗೆ ಏನು ಬೇಡವೆಂಬುದನ್ನು ತಾವೇ ಹೇಳುತ್ತಾರೆ.