ಉಲ್ಲನ್ ಮಸಿಬಟ್ಟೆ

ದ್ರೌಪದಿಯ ಗಂಡ ಶಂಕ್ರೆಪ್ಪನ ಪೌರುಷವೆಲ್ಲ ತುರ್ಭೆಯ ಚಾಳಿನ ಆ ಒಂದು ಖೋಲಿಯ ಒಳಗೇ. ಭಜಿ ಗಾಡಿಯ ಮುಂದೆ ಹವಾಲ್ದಾರ ನಿಂತರೆ ಹಲ್ಲುಗಿಂಜಿ ಪುಕ್ಕಟೆ ಪ್ಲೇಟು ಕೊಡುವವನು, ಮನೆಗೆ ಬಂದು ಆ ಸಿಟ್ಟನ್ನು ಹೆಂಡತಿಯ ಬೆನ್ನ ಮೇಲೆ ತೀರಿಸಿಕೊಳ್ಳುತ್ತಿದ್ದ. ಇಷ್ಟು ವರ್ಷ ಅವಳು ಹಲ್ಲುಕಚ್ಚಿ ಸಹಿಸಿದಳು. ಮೊನ್ನೆ ಮಗಳು ಜ್ಯೋತಿ ಜೊತೆಗೆ ಓದುವ ಹುಡುಗನೊಂದಿಗೆ ಸ್ಟೇಶನ್ನಿನಲ್ಲಿ ನಿಂತಿದ್ದಳೆಂದು ಯಾರೋ ಕಿವಿಗೆ ಹಾಕಿದ್ದೇ ನೆಪ, ಆ ಪುಣ್ಯಾತ್ಮ, ಹುಡುಗಿಯ ಕೈ ತಿರುಚಿ ನೆಲಕ್ಕೆ ಕೆಡವಿದ. ಇನ್ನೊಮ್ಮೆ ಕಂಡರೆ ಎರಡೂ ಕೈ ಮುರಿಯುತ್ತೇನೆ ಎಂದ. ಇಂಥ ಮಾತಿಗೆ ಅವನು ತಪ್ಪುವವನಲ್ಲ. ದ್ರೌಪದಿಯ ಕಿರುಬೆರಳು ಈಗಲೂ ಸೊಟ್ಟಗಿದೆ.

ಆ ಸೊಟ್ಟ ಬೆರಳಲ್ಲೇ ಅವಳು ಮಸಿಬಟ್ಟೆ ಹೆಣೆಯುತ್ತಿದ್ದಳು. ಕಲಿಸಿದವರು ಅವಳು ಕೆಲಸಕ್ಕೆ ಹೋಗುವ ಮನೆಯ ಉಡುಪಿಯ ಚಂಪಕ್ಕ. ದಪ್ಪ ಹತ್ತಿ ನೂಲು, ಎರಡು ಕಡ್ಡಿ, ಸಾದಾ ಹೆಣಿಗೆ. ಪಾತ್ರೆ ಒರೆಸಲಿ, ಬಿಸಿ ಕಡಾಯಿ ಹಿಡಿಯಲಿ, ಅಂಗಡಿಯ ಬಟ್ಟೆ ಅದರ ಮುಂದೆ ಏನೂ ಅಲ್ಲ. ಜ್ಯೋತಿಯೂ ಕಲಿತಿದ್ದಳು. ಒಮ್ಮೆ ಅವಳು ಆ ಮನೆಯಲ್ಲಿ ಸ್ವೆಟರಿಗೆ ತಂದು ಉಳಿದಿದ್ದ ಬಿಳಿ ಉಲ್ಲನ್ ಉಂಡೆಗೆ ಕೈ ಹಾಕಿದಾಗ ಚಂಪಕ್ಕ ತಡೆದಿದ್ದರು.

"ಅದು ಅಡುಗೆಮನೆಗೆ ಆಗ್ಲಿಕ್ಕಿಲ್ಲ ಮಾರಾಯ್ತಿ, ಹೆಸ್ರಿಗೆ ಮಾತ್ರ ಉಲ್ಲನ್, ಪೂರಾ ಪ್ಲಾಸ್ಟಿಕ್. ಬಿಸಿ ತಾಗಿದ್ರೆ ಕರಗಿ ಚರ್ಮಕ್ಕೆ ಅಂಟ್ತದೆ."

ಮಗಳ ಕೈ ಊದಿಕೊಂಡ ಮರುದಿನ ದ್ರೌಪದಿ ಆ ಉಂಡೆಯನ್ನು ಸೆರಗಿನಲ್ಲಿ ಮುಚ್ಚಿ ತಂದಳು. ಜ್ಯೋತಿ ಶಾಲೆಗೆ ಹೋದಾಗ ಕೂತು, ಶಾಪ ಹಾಕುತ್ತ ಹಾಕುತ್ತ ಒಂದು ಜೋಡಿ ಬಟ್ಟೆ ಹೆಣೆದಳು. ಪಾಪ ತನ್ನೊಬ್ಬಳದೇ ಆಗಲಿ, ಹುಡುಗಿಗೆ ಇದರ ಗಾಳಿಯೂ ತಾಗಬಾರದು ಎಂದುಕೊಂಡಳು. ಭಾನುವಾರ ಗಾಡಿಯಲ್ಲಿದ್ದ ಹತ್ತಿಯ ಬಟ್ಟೆಗಳನ್ನು ತೆಗೆದು ಇವನ್ನಿಟ್ಟಳು. ಶಂಕ್ರೆಪ್ಪ ತನ್ನ ಕಡಾಯಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಅದೇ ಅವಳ ಧೈರ್ಯ.

ಆದರೆ ಅವತ್ತು ಅವನಿಗೆ ಮಗಳ ಸೊಕ್ಕು ಮುರಿಯಬೇಕಿತ್ತು, ಅವಳನ್ನೂ ಗಾಡಿಗೆ ಎಳೆದು ತಂದಿದ್ದ. ಎಣ್ಣೆ ಹೊಗೆಯಾಡುತ್ತಿದ್ದಾಗ ಬಟ್ಟೆಗಳನ್ನು ಅವಳ ಮುಖಕ್ಕೆ ಎಸೆದ.

"ಸ್ಟೇಶನ್ದಾಗ ನಿಂದ್ರಲಕ್ಕ ಬರ್ತದಲ್ಲ, ಎತ್ತು ಕಡಾಯಿ."

ನಾನು ಎತ್ತುತ್ತೇನೆ ಎಂದು ನುಗ್ಗಿದ ದ್ರೌಪದಿಗೆ ಮೊಣಕೈಯಿಂದ ತಿವಿದ. ತುಟಿ ಒಡೆದು ರಕ್ತ ಬಂತು. ಅಷ್ಟರಲ್ಲಿ ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ ಜ್ಯೋತಿಗೆ ಅದು ಹತ್ತಿಯದಲ್ಲವೆಂದು ತಿಳಿಯಿತು. ತಾಯಿಯ ಮುಖ ನೋಡಿದಳು. ಕೆಳಗೆ ಬಿಸಾಡು ಎಂದು ದ್ರೌಪದಿ ಕಣ್ಣಲ್ಲೇ ಗೋಗರೆದಳು. ಹುಡುಗಿ ಅಪ್ಪನ ಕಡೆ ತಿರುಗಿದಳು.

"ನೀ ತಿರುವಿದ ಕೈ ಇನ್ನಾ ಬ್ಯಾನಿ ಅದ ಅಪ್ಪಾ. ನೀನೇ ಎತ್ತು."

ಹಾಗೆಂದು ಬಟ್ಟೆಗಳನ್ನು ನೀಟಾಗಿ ಮಡಿಸಿ ಅವನ ಕೈಗಿಟ್ಟಳು.

ಅವನು ಬೈಯುತ್ತಲೇ ಕಡಾಯಿಯ ಎರಡೂ ಕಿವಿ ಹಿಡಿದು ಎತ್ತಿದ. ಮೊದಲು ಸುಟ್ಟ ವಾಸನೆ ಬಂತು, ಆಮೇಲೆ ಅವನ ಚೀರಾಟ. ಕರಗಿದ ಉಲ್ಲನ್ ಅಂಗೈಯನ್ನು ಕಬ್ಬಿಣಕ್ಕೆ ಅಂಟಿಸಿಬಿಟ್ಟಿತ್ತು, ಬಿಡಬೇಕೆಂದರೂ ಬಿಡದು. ಕೊಡವಿದ ರಭಸಕ್ಕೆ ಕಡಾಯಿ ಮಗುಚಿ ಕುದಿವ ಎಣ್ಣೆ ತೊಡೆಯ ಮೇಲೆ, ಪಾದದ ಮೇಲೆ ಸುರಿಯಿತು. ಅಂಗೈಯ ಚರ್ಮ ಕಡಾಯಿಯೊಂದಿಗೇ ಹೋಯಿತು. ರಸ್ತೆಯಲ್ಲಿ ಬಿದ್ದು ಹೊರಳಾಡಿದ. ರಿಕ್ಷಾದವರು ನೀರಿನ ಕ್ಯಾನು ಹಿಡಿದು ಓಡಿಬಂದರು.

ಬಯಸಿದ್ದೇ ಆಗಿತ್ತು, ಆದರೂ ದ್ರೌಪದಿಗೆ ನೋಡಲಾಗಲಿಲ್ಲ. ಮಗಳು ನೋಡದಿರಲೆಂದು ಅವಳ ಮುಖವನ್ನು ಎದೆಗೊತ್ತಿಕೊಳ್ಳಲು ಹೋದಳು. ಜ್ಯೋತಿ ಆ ಕೈ ಸರಿಸಿ, ಅಪ್ಪನ ನರಳಾಟವನ್ನು ಕಣ್ಣು ಮಿಟುಕಿಸದೆ ನೋಡಿದಳು.

"ಯಾರರೇ ಕೇಳಿದ್ರ ನಂಗೇನೂ ಗೊತ್ತಿಲ್ಲ ಅನ್ನು ಯವ್ವಾ," ಅಂದಳು, "ನಾನೂ ಹಂಗೇ ಅಂತೀನಿ."

ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಗಂಡನ ಏಟಿಗೆ ಎಂದೂ ಹೆದರದಷ್ಟು ದ್ರೌಪದಿ ಆ ದನಿಗೆ ಹೆದರಿದಳು.